ಹಳೇ ಮಾಲೀಕರು ಖುದ್ದಾಗಿ ಬರಬೇಕು

ಬೇಡವೆಂದರೂ ನನ್ನ ಕಿಟಕಿಯ ಮುಂದೆ ವಾರಕ್ಕೊಂದು ತಮಾಷೆ ನಡೆದೇ ನಡೆಯುತ್ತದೆ. ಬೊಮ್ಮಸಂದ್ರದ ಕೈಗಾರಿಕಾ ವಸಾಹತೊಂದರ ಗೇಟಿನಲ್ಲಿ ಗಾಡಿಗಳಿಗೆ ಟ್ಯಾಗ್ ಅಂಟಿಸುವವನು ನಾನು. ಗೇಟಿನ ಯಂತ್ರ ಆ ಸ್ಟಿಕ್ಕರನ್ನು ಗುರುತಿಸಿದರೆ ಮಾತ್ರ ದಾರಿಗೆ ಅಡ್ಡವಿರುವ ಕಂಬ ಮೇಲೇಳುತ್ತದೆ. ಗಾಡಿ ಮಾರಿದರೆ ಟ್ಯಾಗನ್ನೂ ಹೊಸಬರ ಹೆಸರಿಗೆ ಮಾಡಬೇಕು. ಅದಕ್ಕೆ ಹಳೇ ಮಾಲೀಕರು ಖುದ್ದಾಗಿ ಬಂದು, ಗುರುತಿನ ಚೀಟಿ ತೋರಿಸಿ, ಮೊಬೈಲಿಗೆ ಬಂದ ಓಟಿಪಿ ಹೇಳಿ, ಸೈನ್ ಹಾಕಬೇಕು. ಸಿಂಗಸಂದ್ರದ ನನ್ನ ರೂಮಿನಲ್ಲಿ ಇದನ್ನೆಲ್ಲ ಕೇಳಲು ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಂತ್ರಕ್ಕೆ ಪೂಜೆ

ಆಯುಧಪೂಜೆಯ ದಿನ ಸೆಕ್ಯುರಿಟಿಯವರು ಯಂತ್ರಕ್ಕೆ ಕುಂಕುಮವಿಟ್ಟು, ಹೊಳೆಯುವ ಬೆಳ್ಳಿ ಕಾಗದ ಸುತ್ತಿ, ಬೂದುಗುಂಬಳ ಒಡೆದರು. ಆಮೇಲೆ ಒಂದು ಗಾಡಿಗೂ ಕಂಬ ಏಳಲಿಲ್ಲ. ಆ ಕಾಗದದೊಳಗಿಂದ ಯಂತ್ರಕ್ಕೆ ಯಾವ ಟ್ಯಾಗೂ ಸಿಗದು. ತೆಗೀರಪ್ಪಾ ಅಂದೆ.

"ಪೂಜೆ ಮಾಡಿದ್ದನ್ನ ಇವತ್ತೇ ಬಿಚ್ಚಬಾರ್ದು ಸಾರ್. ಅದಕ್ಕೂ ಒಂದಿನ ರಜಾ ಅಂದ್ಕೊಳ್ಳಿ!"

ಮೂರು ಸೈನು

ಪಕ್ಕದೂರಿನ ಹಳೇ ರೈತರೊಬ್ಬರು ಇಲ್ಲಿನ ಫ್ಯಾಕ್ಟರಿಗಳಿಗೆ ನೀರಿನ ಕ್ಯಾನ್ ಹಾಕುತ್ತಾರೆ. ಸೆಕೆಂಡ್‌ಹ್ಯಾಂಡ್ ಟೆಂಪೋ ತಂದಿದ್ದರು. ಹಳೇ ಮಾಲೀಕರ ಸೈನು ಮೂರು ಕಡೆ ಬೇಕು ಅಂದೆ.

"ಈ ಗೇಟಿರೋ ಜಾಗದಾಗೆ ರಾಗಿ ಬೆಳ್ದೋನು ಕಣಪ್ಪ ನಾನು. ನಮ್ಮಪ್ಪನ ಒಂದೇ ಎಬ್ಬೆಟ್ಟಿಗೆ ಎರಡೆಕ್ರೆ ಓಯ್ತು. ಇಂಗೆ ಮೂರು ಸೈನ್ ಕೇಳೋನು ಆಗ ಒಬ್ಬ ಇದ್ದಿದ್ರೆ, ಇವತ್ತು ಗೇಟ್ ತೆಗೀರಿ ಅಂತ ನೀನೇ ನನ್ನ ಕೇಳ್ತಿದ್ದೆ!"

ನನ್ನ ಸ್ಕೂಟರು

ನನ್ನ ಹಳೇ ಸ್ಕೂಟರನ್ನು ಇಲ್ಲೇ ಫ್ಯಾಕ್ಟರಿಯಲ್ಲಿರುವ ಬಾಗಲಕೋಟೆ ಕಡೆಯವರೊಬ್ಬರಿಗೆ ಮಾರಿದೆ. ಟ್ಯಾಗ್ ಮಾತ್ರ ನನ್ನ ಹೆಸರಲ್ಲೇ ಉಳಿಯಿತು. ಅವರು ಬಂದಾಗಲೂ ಹೋದಾಗಲೂ ನನ್ನ ಮೊಬೈಲು ಟಿಣ್ ಅನ್ನುತ್ತಿತ್ತು. ನಿಮ್ಮ ವಾಹನ ಒಳಗೆ ಬಂದಿದೆ. ನಿಮ್ಮ ವಾಹನ ಹೊರಗೆ ಹೋಗಿದೆ. ಸಾಲ ಬೇಕೇ ಅನ್ನುವವರನ್ನು ಬಿಟ್ಟರೆ ದಿನವೆಲ್ಲ ನನಗೆ ಬರುತ್ತಿದ್ದದ್ದು ಅವೆರಡೇ ಮೆಸೇಜು. ಅವನ್ನು ಬಿಟ್ಟುಕೊಡಲು ಮನಸ್ಸೇ ಬರಲಿಲ್ಲ. ಅವರು ಕೇಳಿದಾಗಲೆಲ್ಲ ಸರ್ವರ್ ಡೌನ್ ಅಂದೆ. ಕೊನೆಗೊಂದು ಬೆಳಗ್ಗೆ ಅವರು ಕಿಟಕಿ ಬಿಟ್ಟು ಕದಲಲಿಲ್ಲ.

"ಹಳೇ ಮಾಲೀಕರು ಖುದ್ದಾಗಿ ಬರ್ಬೇಕು," ಅಂದೆ.

"ನೀವ ಅಲ್ರೀ ಸರ್ರ?"

"ಅವರು ಇವತ್ತು ಸಿಗಲ್ಲ."

ಹಿಂದೆ ನಿಂತಿದ್ದ ಸಾಲೆಲ್ಲ ನಕ್ಕಿತು. ನಾಚಿಕೆಯಾಗಿ, ನನ್ನ ಗುರುತಿನ ಚೀಟಿಯನ್ನು ನಾನೇ ನೋಡಿ, ಓಟಿಪಿ ಹಾಕಿ, ಸೈನ್ ಮಾಡಿಕೊಟ್ಟೆ. ಅವರು ಗಾಡಿ ಒಳಗೆ ತಂದರು. ಈ ಸಲ ಟಿಣ್ ಅಂದದ್ದು ಅವರ ಜೇಬು. ನಾನು ನನ್ನ ಮೊಬೈಲನ್ನೊಮ್ಮೆ ತೆಗೆದು ನೋಡಿದೆ. ಮೆಸೇಜ್ ಓದಿ ಅವರು ಕಿಟಕಿಗೇ ವಾಪಸ್ ಬಂದರು.

"ಗಾಡಿ ಒಳಗ ಬಂದೈತಿ ಅಂತ ಹೇಳ್ತೈತ್ರಿ. ನಾನ ತಂದೀನಿ, ನನಗ ಗೊತ್ತಿಲ್ಲೇನ್ರಿ? ಇಷ್ಟು ಕೊಡಾಕ ಯಾಕ ಒದ್ದಾಡಿದ್ರಿ?"

"ನನಗೆ ಬರ್ತಿದ್ದ ಮೆಸೇಜು ಅವೆರಡೇ ಕಣ್ರೀ," ಅಂದುಬಿಟ್ಟೆ.

ಅವರು ನಾನು ಸೈನ್ ಮಾಡಿಕೊಟ್ಟ ಫಾರಂ ಅನ್ನು ಕಿಟಕಿಯೊಳಗೆ ವಾಪಸ್ ನೂಕಿದರು. "ಹಂಗಾದ್ರ ಹೊಳ್ಳಿ ನಿಮ್ಮ ಹೆಸರಿಗೇ ಮಾಡ್ಕೋರಿ."

"ಹಾಗೆಲ್ಲ ಆಗಲ್ಲ ರೀ. ಅದಕ್ಕೆ ಹಳೇ ಮಾಲೀಕರು..."

"ಈಗ ಹಳೇ ಮಾಲೀಕ ನಾನ ಅಲ್ರೀ? ಖುದ್ದ ಬಂದು ನಿಂತೀನಿ. ಎಲ್ಲಿ ಸೈನ್ ಹಾಕ್ಲಿ, ಲಗೂನ ಹೇಳ್ರಿ!"