ಐದನೇ ರಾಣಿಯ ಮೀಸೆ

ಎಲ್ಲಕ್ಕೂ ಕಾರಣ ಒಂದು ಮೆಣಸಿನಕಾಯಿ ಬಜ್ಜಿ. ಕಾಲೇಜಿನ ವಾರ್ಷಿಕೋತ್ಸವದ ದಿನ ಮಧ್ಯಾಹ್ನ, ಚನ್ನಗಿರಿ ಬಸ್ ಸ್ಟ್ಯಾಂಡ್ ಎದುರು, ದ್ವಿತೀಯ ಪಿಯುಸಿಯ ಸಂಧ್ಯಾರಾಣಿ ಮಂಡಕ್ಕಿಯ ಜೊತೆ ಅದನ್ನು ತಿಂದಳು. ಉರಿ ತಡೆಯದೆ ಮೇಲೊಂದು ಐಸ್ ಕ್ಯಾಂಡಿ ತಿಂದಳು. ಅಲ್ಲಿಗೆ ಅವಳ ಗಂಟಲು ಕದ ಹಾಕಿಕೊಂಡಿತು. ಸಂಜೆ ಹಾಡಬೇಕಾದವಳು ಕೈಸನ್ನೆ ಮಾಡುತ್ತಾ ಎದುರಿಗೆ ಬಂದು ನಿಂತಾಗ ಇತಿಹಾಸದ ಉಪನ್ಯಾಸಕ ಗುರುಬಸವರಾಜನಿಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಮಾಡುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

ಅವನ ತ್ರಾಣವನ್ನೆಲ್ಲ ‘ರಾಣಿಯರ ತಾಳಮೇಳ’ ಹೀರಿಕೊಂಡಿತ್ತು. ಪ್ರಿನ್ಸಿಪಾಲ್ ಲಕ್ಷ್ಮೀದೇವಿ ಮೇಡಂ ಮೊಬೈಲಿನಲ್ಲಿ ಏನನ್ನೋ ನೋಡಿ, “ನಮ್ಮ ರಾಣಿಯರ ಕತೆನಾ ಪಾಪ್ ಹಾಡಿನಾಗೆ ಮಾಡ್ಸಿ ಸರ್. ಎಷ್ಟು ವರ್ಷ ಅಂತ ಕೋಲಾಟ ನೋಡಾಕೆ ಆಗ್ತೈತೆ?” ಎಂದುಬಿಟ್ಟಿದ್ದರು. ಅಬ್ಬಕ್ಕ, ಚೆನ್ನಭೈರಾದೇವಿ, ಬೆಳವಡಿ ಮಲ್ಲಮ್ಮ, ಕಿತ್ತೂರು ಚೆನ್ನಮ್ಮ, ಕೆಳದಿ ಚೆನ್ನಮ್ಮ, ಹೀಗೆ ಐದು ರಾಣಿಯರು ಒಬ್ಬೊಬ್ಬರಾಗಿ ಮೈಕು ಹಿಡಿದು ಬಂದು ತಮ್ಮ ಕತೆಯನ್ನು ತಾವೇ ಕುಣಿದು ಹಾಡಬೇಕು. ಹಾಡು ಬರೆದವನೂ ಗುರುಬಸವರಾಜನೇ, ಕಲಿಸಿದವನೂ ಅವನೇ, ಯಾರ ಕಿರೀಟ ದೊಡ್ಡದು ಎಂಬ ಜಗಳ ಬಿಡಿಸಿದವನೂ ಅವನೇ. ಐದು ರಾಜ್ಯಗಳನ್ನು ಒಟ್ಟಿಗೆ ಆಳುವುದಕ್ಕಿಂತ ಆ ಐದು ಹುಡುಗಿಯರನ್ನು ಸಾಲಾಗಿ ನಿಲ್ಲಿಸುವುದು ಕಷ್ಟವೆಂದು ಅವನಿಗೆ ಆ ತಿಂಗಳಲ್ಲಿ ಮನವರಿಕೆಯಾಗಿತ್ತು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದ. ಬೆಳಿಗ್ಗೆಯೇ ಸಂಬಂಧ ಕುದುರಿಸುವ ತಿಪ್ಪೇರುದ್ರಸ್ವಾಮಿ ಫೋನ್ ಮಾಡಿದ್ದರು.

“ಗೋವಿನಕೋವಿ ಊರಿನ ಹೆಣ್ಣಿನ ಕಡೆಯವರು ಇವತ್ತೇ ಬರ್ತಾರಪ್ಪ. ಹುಡುಗಿ, ಅವರಜ್ಜಿ ಇಬ್ರೇ. ಗಂಡು ನೋಡಾಕೆ ಬಂದೀವಿ ಅಂತ ಹೇಳಂಗಿಲ್ಲ. ಜನದಾಗೆ ಕುಂತು ನಿನ್ ನಡೆನುಡಿ ನೋಡ್ಕೊಂಡು ಹೋಗ್ತಾರೆ. ಇವತ್ತೊಂದಿನ ಗಂಭೀರವಾಗಿರು.”

“ಅವ್ರು ಯಾರು ಅಂತ ನನಗೆ ಹೆಂಗೆ ಗೊತ್ತಾಗ್ಬೇಕ್ರೀ?”

“ಗೊತ್ತಾಗಬಾರದು. ಅದಕ್ಕೇ ಅಲ್ವಾ ಕದ್ದು ಬರೋದು!”

ಎಷ್ಟು ಸಂಬಂಧಗಳು ಬಂದು ಹೋದವೆಂದು ಗುರುಬಸವರಾಜ ಎಣಿಸುವುದನ್ನೇ ಬಿಟ್ಟಿದ್ದ. ಆದರೆ ಈ ಸಂಬಂಧದ ಹೇಮಾವತಿಯನ್ನು ಅವನು ಹೊನ್ನಾಳಿಯ ಒಂದು ಮದುವೆಯಲ್ಲಿ ದೂರದಿಂದ, ಅದೂ ಬೆನ್ನ ಕಡೆಯಿಂದ ನೋಡಿದ್ದ. ಫೋಟೋದವನು ಎಲ್ಲರನ್ನೂ ನಿಲ್ಲಿಸಿ ನಗಿಸುತ್ತಿದ್ದಾಗ ಆಕೆ ಪಕ್ಕಕ್ಕೆ ತಿರುಗಿ, ಮುಖಕ್ಕೆ ಸೆರಗು ಅಡ್ಡ ಹಿಡಿದು ಬಾಯಿ ತುಂಬ ಆಕಳಿಸಿದ್ದಳು. ಆ ಆಕಳಿಕೆಗೆ ಅವನು ಸೋತುಹೋಗಿದ್ದ. ತನ್ನಷ್ಟೇ ದಣಿದ ಜೀವ ಇನ್ನೊಂದು ಈ ತಾಲ್ಲೂಕುಗಳಲ್ಲಿದೆ, ಇಬ್ಬರೂ ಒಂದು ಮನೆಯಲ್ಲಿ ಸುಮ್ಮನೆ ಕೂತರೆ ಎಷ್ಟು ಚೆನ್ನ ಎನಿಸಿತ್ತು. ಆ ಆಸೆ ಈಗಲೂ ಅವನಲ್ಲಿ ಹಾಗೆಯೇ ಇತ್ತು.

ಆದ್ದರಿಂದ ಬೆಳಗಿನಿಂದ ಗೇಟಿನೊಳಗೆ ಬಂದ ಅಪರಿಚಿತ ಅಜ್ಜಿಯರಿಗೆಲ್ಲ ಅವನು ಕೈಮುಗಿದ. ಅವರಲ್ಲಿ ಒಬ್ಬಾಕೆಯನ್ನು ಕೈಹಿಡಿದು ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ ಕಾಫಿ ತರಿಸಿಕೊಟ್ಟ. ಆಕೆ ಹೂ ಮಾರಲು ಬಂದಿದ್ದವಳು. ಕಾಫಿ ಕುಡಿದು, ಒಂದು ಮೊಳ ಹೂವನ್ನು ಅವನಿಗೇ ಮಾರಿ ಹೋದಳು.

ಈಗ ನೋಡಿದರೆ ಐದನೇ ರಾಣಿಗೆ ದನಿಯೇ ಇಲ್ಲ.

“ಕೆಳದಿ ಚೆನ್ನಮ್ಮನ್ನ ಬಿಟ್ಟುಬಿಡೋಣ ಮೇಡಂ. ನಾಲ್ಕೇ ರಾಣಿ ಸಾಕು,” ಎಂದ.

ಲಕ್ಷ್ಮೀದೇವಿ ಮೇಡಂ ಹೌಹಾರಿದರು. “ಈ ಊರಿಗೆ ಹೆಸರು ಬಂದಿದ್ದೇ ಆ ತಾಯಿಯಿಂದ ಅಂತಾರೆ ಜನ. ಚನ್ನಗಿರಿಯಾಗೆ ನಿಂತು ಚೆನ್ನಮ್ಮನ್ನ ಬಿಡ್ತೀರಾ? ನಾಳೆ ನಾನು ಪೇಟೆಯಾಗೆ ತಲೆ ಎತ್ತಿ ತಿರುಗಾಡೋದು ಬ್ಯಾಡ್ವಾ?”

ಆಗ ಬಾಯಿ ಹಾಕಿದವನು ದೈಹಿಕ ಶಿಕ್ಷಣದ ಮೈಲಾರಿ. ಬೇರೆಯವರ ಕಷ್ಟ ಕಂಡರೆ ಅವನಿಗೆ ಎಲ್ಲಿಲ್ಲದ ಹುರುಪು. “ಹಾಡು ಪೂರ್ತಿ ಬರೋದು ಗುರು ಸರ್‌ಗೆ ಮಾತ್ರ. ಡ್ರೆಸ್ಸೂ ಅವ್ರಿಗೇ ಸರಿ ಹೋಗ್ತೈತೆ ಮೇಡಂ, ಬೇಕಾದ್ರೆ ನೋಡ್ರಿ!”

ಅದು ನಿಜವೇ ಆಗಿತ್ತು. ನಾಟಕದ ಡ್ರೆಸ್ ಬಾಡಿಗೆಗೆ ಕೊಡುವವನು ನಾಲ್ಕು ಉಡುಪುಗಳನ್ನು ಹುಡುಗಿಯರ ಅಳತೆಗೆ ಕೊಟ್ಟು, ಐದನೆಯದನ್ನು ಹಿಂದೆ ಯಾವನೋ ದಪ್ಪ ಗಂಡಸು ಸ್ತ್ರೀಪಾತ್ರಕ್ಕೆ ತೊಡುತ್ತಿದ್ದದ್ದನ್ನು ಕಳಿಸಿದ್ದ. ಸಂಧ್ಯಾರಾಣಿ ಅದರಲ್ಲಿ ಗೋಣಿಚೀಲಕ್ಕೆ ಬಿದ್ದ ಇಲಿಯಂತೆ ಕಾಣುತ್ತಿದ್ದಳು.

“ಮೈಲಾರಿ, ಇವತ್ತು ನನ್ನ ನೋಡಾಕೆ ಹೆಣ್ಣಿನ ಕಡೆಯವರು ಬರ್ತಾರೋ,” ಗುರುಬಸವರಾಜ ಪಿಸುಗುಟ್ಟಿದ.

“ಬರ್ಲಿ ಬಿಡ್ರಿ. ಬಣ್ಣ ಹಚ್ಚಿದ ಮ್ಯಾಲೆ ನೀವು ಯಾರಂತ ಯಾವನಿಗೆ ಗೊತ್ತಾಗ್ತೈತೆ? ಹಾಡು ಮುಗಿದ ತಕ್ಷಣ ಮುಖ ತೊಳ್ಕೊಂಡು ಪ್ಯಾಂಟ್ ಹಾಕ್ಕೊಂಡು ಗಂಭೀರವಾಗಿ ಹೋಗಿ ನಿಂತ್ಕಳ್ರಿ. ಮೀಸೆ ಒಂದು ತೆಗೀಬೇಕು ಅಷ್ಟೆ.”

ವಾದಿಸಿ ಗೆಲ್ಲುವ ಶಕ್ತಿ ಇದ್ದಿದ್ದರೆ ಗುರುಬಸವರಾಜ ಇಷ್ಟು ವರ್ಷ ಇದೇ ಕಾಲೇಜಿನಲ್ಲಿ ಏಕೆ ಇರುತ್ತಿದ್ದ? ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಕಾಲೇಜು ಓದುವ ಕಾಲದಿಂದ ಜೊತೆಗಿದ್ದ ಮೀಸೆ ರೇಜರಿನ ಎರಡೇ ಎಳೆತಕ್ಕೆ ಹೋಯಿತು. ಕನ್ನಡಿ ನೋಡಿಕೊಂಡರೆ ತನ್ನ ತಾಯಿಯೇ ಬೈಯಲು ಸಿದ್ಧಳಾಗಿ ಎದುರಿಗೆ ಕೂತಂತಿತ್ತು.

ಮೈಲಾರಿ ಮಾಡಿದ್ದ ಇನ್ನೊಂದು ಉಪಕಾರ ಪರದೆ ಎದ್ದ ಮೇಲೆ ಬಯಲಾಯಿತು. ಜನ ಸೇರಿಸುವ ಉತ್ಸಾಹದಲ್ಲಿ ಅವನು ಆಟೋಕ್ಕೆ ಮೈಕು ಕಟ್ಟಿಸಿ ನಲ್ಲೂರು, ಕೆರೆಬಿಳಚಿಯವರೆಗೂ ಸಾರಿಸಿದ್ದ: “ರಾಣಿಯರು ದಯಮಾಡಿಸ್ತಾರೆ! ತಾಯಂದಿರು ಬಂದು ಕಣ್ತುಂಬಿಕೊಳ್ಳಿ!” ದಯಮಾಡಿಸುತ್ತಾರೆ ಎಂದ ಮೇಲೆ ಬರಿಗೈಯಲ್ಲಿ ಬರುವುದುಂಟೆ? ತಾಯಂದಿರು ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಕಣ ಇಟ್ಟುಕೊಂಡೇ ಬಂದಿದ್ದರು.

ಅಬ್ಬಕ್ಕ ಸ್ಪೀಕರ್ ನಡುಗುವಂಥ ತಾಳಕ್ಕೆ ಕುಣಿಯುತ್ತಾ ಬಂದಳೋ ಇಲ್ಲವೋ, ನಾಲ್ಕು ಜನ ಹೆಂಗಸರು ಸ್ಟೇಜ್ ಹತ್ತಿದರು. ಹುಡುಗಿಯನ್ನು ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿ, ಕಾಲಿಗೆ ಬಿದ್ದು ಇಳಿದರು. ಅಲ್ಲಿಯವರೆಗೆ ತಾಳ ಒಂದೇ ಬಡಿದುಕೊಳ್ಳುತ್ತಿತ್ತು. ಚೆನ್ನಭೈರಾದೇವಿಗೂ ಹಾಗೇ ಆಯಿತು. ಮಲ್ಲಮ್ಮ ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಮಡಿಲ ತೆಂಗಿನಕಾಯಿ ಹಿಡಿದು ಯುದ್ಧ ಮಾಡಿದಳು. ಕಿತ್ತೂರು ಚೆನ್ನಮ್ಮ ಅಕ್ಕಿಯ ಮೇಲೆ ಜಾರಿ ಬಿದ್ದು, ಎದ್ದು ನಿಂತು ಹಾಡು ಮುಗಿಸಿ ಚಪ್ಪಾಳೆ ಗಿಟ್ಟಿಸಿದಳು.

ಆಮೇಲೆ ಐದನೇ ರಾಣಿ ಬಂದಳು. ಕುಣಿಯಲು ಅವಳಿಗೆ ಕಾಲೇಳಲಿಲ್ಲ. ಸೀದಾ ನಡುವಿಗೆ ಬಂದು, ಕತ್ತಿಯನ್ನು ಕೋಲಿನಂತೆ ಊರಿಕೊಂಡು, ಬಸವಳಿದ ದನಿಯಲ್ಲಿ ಹಾಡತೊಡಗಿದಳು:

“ಆಳಿ ಆಳಿ ಸಾಕಾತವ್ವ, ಕಿರೀಟ ತಲೆಗೆ ಭಾರಾತವ್ವ,
ಬಂದವರಿಗೆಲ್ಲ ಆಸರೆ ಕೊಟ್ಟೆ, ನನಗೆ ಆಸರೆ ಯಾರವ್ವ?”

ಬರೆಯುವಾಗ ಅದು ಬರೀ ಪ್ರಾಸವಾಗಿತ್ತು. ಈಗ ಗುರುಬಸವರಾಜ ಅಭಿನಯಿಸುತ್ತಲೇ ಇರಲಿಲ್ಲ. ಒಂದು ತಿಂಗಳ ತಾಲೀಮು, ಬಂದು ಹೋದ ಸಂಬಂಧಗಳು, ಹೋದ ಮೀಸೆ, ಎಲ್ಲ ಸೇರಿ ಕಣ್ಣಲ್ಲಿ ನಿಜವಾಗಿ ನೀರು ಬಂತು. ಪೆಂಡಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ತಾಳ ಹಾಕುವವನೂ ಮರೆತು ನಿಲ್ಲಿಸಿದ.

ಎರಡನೇ ಸಾಲಿನಲ್ಲಿದ್ದ ಒಬ್ಬ ಅಜ್ಜಿಗೆ ಇದು ತಡೆಯಲಿಲ್ಲ. ಪಕ್ಕದವಳ ತಟ್ಟೆ ಕಸಿದುಕೊಂಡು ಸ್ಟೇಜ್ ಹತ್ತಿ ಬಂದಳು.

“ಯಾರೂ ಇಲ್ಲ ಅಂತ ಯಾಕ್ ಅಳ್ತೀಯೇ ನಮ್ಮವ್ವಾ? ನಾನಿದೀನಿ. ಒಡ್ಡು ಉಡಿ!”

ಉಡಿ ತುಂಬಲು ಬಂದವರಿಗೆ ಬೇಡವೆನ್ನುವ ಪದ್ಧತಿ ಎಲ್ಲೂ ಇಲ್ಲ. ಗುರುಬಸವರಾಜ ಸೆರಗು ಒಡ್ಡಿದ. ಅಜ್ಜಿ ಅಕ್ಕಿ, ಕಾಯಿ, ಕಣ ಸುರಿದು, ಅವನ ಬೋಳು ತುಟಿ ಸವರಿ, ದೃಷ್ಟಿ ತೆಗೆದು ನೆಟಿಕೆ ಮುರಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪರದೆ ಬಿದ್ದ ಮೇಲೆ ಅವನು ಬಕೆಟ್ ನೀರಿನಲ್ಲಿ ಮುಖದ ಬಣ್ಣವನ್ನು ಅರ್ಧ ತೊಳೆದಿದ್ದನಷ್ಟೆ, ತಿಪ್ಪೇರುದ್ರಸ್ವಾಮಿ ಏದುಸಿರು ಬಿಡುತ್ತಾ ಒಳಗೆ ಬಂದರು.

“ಎಲ್ಲಿದ್ಯಪ್ಪ? ಅವರನ್ನ ಕುಂಡ್ರಿಸಿ, ನಿನ್ನ ತೋರ್ಸಣ ಅಂತ ಸ್ಟಾಫ್ ರೂಮು, ಅಡಿಗೆ ಟೆಂಟು ಎಲ್ಲಾ ಹುಡುಕಿದ್ನಲ್ಲೋ! ಮೈಲಾರಿ ಈಗ ಹೇಳ್ದ ವೇಷದಾಗೆ ಇದ್ದೋನು ನೀನೇ ಅಂತ. ಹೋಗ್ಲಿ, ಚಿಂತೆ ಇಲ್ಲ. ಅವರಿಗೆ ರಾಣಿ ಪಾರ್ಟು ಭಾಳ ಹಿಡಿಸೈತೆ. ಇಲ್ಲೇ ಬಂದಾರೆ.”

ಹಿಂದೆಯೇ ಹೇಮಾವತಿ ಬಂದಳು. ಸೀರೆಯುಟ್ಟು ನಿಂತ ಗಂಡನ್ನು ನೋಡಿ ನಕ್ಕಳು, ಆದರೆ ಅಣಕದ ನಗು ಅಲ್ಲ. “ನಿಮ್ ಹಾಡು ಕೇಳಿ ನಂಗೆ ಅಳು ಬಂತು ರೀ. ನಂಗೂ ಹಂಗೇ ಸಾಕಾಗೈತೆ,” ಎಂದಳು. ಗುರುಬಸವರಾಜನ ಎದೆ ಹಿಗ್ಗಿತು. ಮೀಸೆ ಹೋದರೂ ಹೋಗಲಿ, ಕೊನೆಗೂ ಒಂದು ಕೆಲಸ ಕೈಗೂಡಿತು ಎಂದುಕೊಂಡ.

ಅವಳ ಹಿಂದಿನಿಂದ ಅಜ್ಜಿ ಮುಂದೆ ಬಂದಳು. ಸ್ಟೇಜ್ ಹತ್ತಿದ್ದ ಅದೇ ಅಜ್ಜಿ.

“ಇವರೇ ಕಸ್ತೂರಮ್ಮ, ಹುಡುಗಿ ಅಜ್ಜಿ,” ಎಂದರು ತಿಪ್ಪೇರುದ್ರಸ್ವಾಮಿ. “ಇವನೇ ಕಣಮ್ಮ, ನಾನು ಹೇಳಿದ್ದ ಹುಡುಗ.”

ಕಸ್ತೂರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಹಣೆ ಬಡಿದುಕೊಂಡಳು. “ಅಯ್ಯೋ ಶಿವನೇ! ಬಂಗಾರದಂಥ ಹುಡುಗನ್ನ ಕೈಯಾರೆ ಕಳ್ಕೊಂಡ್ನಲ್ಲಪ್ಪ!”

“ಯಾಕಜ್ಜಿ? ಏನಾತು?”

“ಉಡಿ ತುಂಬಿಬಿಟ್ನಲ್ಲ! ನಾನಿದೀನಿ ಅಂತ ಬಾಯ್ಬಿಟ್ಟು ಹೇಳಿ, ಸಾವಿರ ಜನದ ಮುಂದೆ ಉಡಿ ತುಂಬಿದ ಮ್ಯಾಲೆ ನೀನು ನಮ್ಮನೆ ಮಗಳಾದಿ. ಮನೆ ಮಗಳಿಗೆ ಮನೆ ಹುಡುಗಿನ ಕೊಡಾಕೆ ಆಗ್ತೈತಾ?”

“ಅಜ್ಜಿ, ನಾನು ಗಂಡಸು!”

“ಅದು ಸ್ಟೇಜ್ ಮ್ಯಾಲೆ ನಿನ್ ಪಾದ ನೋಡಿದಾಗಲೇ ಗೊತ್ತಾತು. ವೇಷಕ್ಕೆ ತುಂಬಿದ್ರೂ ಉಡಿ ಉಡಿನೇ ಕಣಪ್ಪ.”

ಗುರುಬಸವರಾಜ ತಿಪ್ಪೇರುದ್ರಸ್ವಾಮಿಯ ಕಡೆ ನೋಡಿದ. ಅವರು ಚಾವಣಿಯ ಕಡೆ ನೋಡಿದರು. ಹೇಮಾವತಿ ನಿಟ್ಟುಸಿರಿಟ್ಟು ಮೆಲ್ಲಗೆ, “ನಮ್ಮಜ್ಜಿ ಮಾತನ್ನ ನಮ್ಮಪ್ಪನೂ ದಾಟಲ್ಲ ರೀ,” ಎಂದಳು.

ಕಸ್ತೂರಮ್ಮ ಕಣ್ಣೊರೆಸಿಕೊಂಡು ಅವನ ಕೈಹಿಡಿದಳು. “ಬ್ಯಾಸರ ಮಾಡ್ಕಬ್ಯಾಡ. ಪಂಚಮಿಗೆ ತವರಿಗೆ ಬಾ, ಜೋಕಾಲಿ ಕಟ್ಟಿಸ್ತೀನಿ, ಉಂಡೆ ಕೊಟ್ಟು ಕಳಿಸ್ತೀನಿ. ಇನ್ನ ಹೇಮಾಗೆ ಗಂಡು ಹುಡುಕೋ ಭಾರ ನಿಂದೇ. ನಿನ್ನಂಥವನೇ ಒಬ್ಬ ಸಿಗಲಿ, ಸಾಕು.”

ಹೇಮಾವತಿ ಬಾಗಿಲ ತನಕ ಹೋದವಳು ತಿರುಗಿ ನಿಂತು, “ಬರ್ತೀನಿ ಅಕ್ಕಾ,” ಎಂದು ಅಜ್ಜಿಯ ಕೈಹಿಡಿದುಕೊಂಡು ಹೊರಟಳು.