ಹೆಂಗಸರ ಪೆಟ್ಟಿಗೆಯ ಒಂದೇ ಒಂದು ಓಟು

ಮುನಿಸಿಪಲ್ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆಂಬುದು ಊರಿನವರ ಚಿಂತೆ. ನನ್ನದು ನನ್ನ ಮಗ ಪುಟ್ಟಣ್ಣನ ಕೆಮ್ಮಿನ ಚಿಂತೆ. ಎರಡಕ್ಕೂ ಏನು ಸಂಬಂಧ ಅನ್ನಬೇಡಿ. ಹಾಸನದ ನಮ್ಮ ಬೀದಿಯಲ್ಲಿ ಆಗ ಒಂದು ವರ್ಷದ ಮಗು ಸೀನಿದರೂ ಅದು ಯಾವ ಪಕ್ಷದ ಸೀನು ಎಂದು ಕೇಳುತ್ತಿದ್ದರು.

ನಿಂತವರು ಇಬ್ಬರು, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಓಟಿನ ಪೆಟ್ಟಿಗೆ. ಒಬ್ಬರು ಕಾಂಗ್ರೆಸ್ಸಿನ ಡಾಕ್ಟರ್ ಪಾಲಾಕ್ಷ. ಅವರು ಖಾದಿ ಕೋಟಿನ ಜೇಬಿಗೆ ಕೈಹಾಕಿ ಪೆಪ್ಪರಮೆಂಟು ತೆಗೆದರೆ ಸಾಕು, ನಮ್ಮ ಪುಟ್ಟಣ್ಣ ತಾನಾಗಿ ನಾಲಿಗೆ ಚಾಚುತ್ತಾನೆ. ಬೇರೆ ಡಾಕ್ಟರನ್ನು ಕಂಡರೆ ಕಚ್ಚುತ್ತಾನೆ. ಇನ್ನೊಬ್ಬರು ಅಕ್ಕಿ ಮಿಲ್ಲಿನ ನಂಜಯ್ಯನವರು. ಅವರು ಯಾವ ಪಕ್ಷಕ್ಕೂ ಸೇರದವರು (ಎಲ್ಲ ಪಕ್ಷದವರೂ ಅವರ ಅಕ್ಕಿಯನ್ನೇ ಉಣ್ಣುತ್ತಾರಲ್ಲ!). ನಾವಿದ್ದ ಬಾಡಿಗೆ ಮನೆ ಅವರದೇ. ಚುನಾವಣೆ ಗೊತ್ತಾದ ದಿನದಿಂದ ನಮ್ಮ ಬಾಗಿಲ ಮುಂದೆ ನಿಂತು, "ಕೊಣನೂರಿಂದ ನಮ್ಮ ಬಾಮೈದ ಬತ್ತೀನಿ ಅಂತವ್ನೆ. ಮನೆ ಬೇಕಾದ್ರೂ ಆಗ್‌ಬೌದು, ನೋಡವಾ" ಎಂದು ಆಕಾಶ ನೋಡುತ್ತಿದ್ದರು.

ಒಬ್ಬರ ಕೈಯಲ್ಲಿ ಮಗುವಿನ ಎದೆ, ಇನ್ನೊಬ್ಬರ ಕೈಯಲ್ಲಿ ತಲೆಯ ಮೇಲಿನ ಸೂರು. ನಿದ್ದೆ ಹೇಗೆ ಬಂದೀತು?

ಸಾಲದ್ದಕ್ಕೆ ತಾಂಬೂಲ ಬೇರೆ. ಡಾಕ್ಟರ ಹೆಂಡತಿ ಅನಸೂಯಮ್ಮ ಸಾಲಗಾಮೆ ರಸ್ತೆಯಿಂದ ಜಟಕಾದಲ್ಲಿ ಬಂದು, ಕುಂಕುಮವಿಟ್ಟು, ಎಲೆ ಅಡಿಕೆ ಕೊಟ್ಟು, "ಕೆಂಪು ಪೆಟ್ಟಿಗೆ ಮರೀಬೇಡಮ್ಮ" ಎಂದರು. ಅವರ ಜಟಕಾ ಬೀದಿ ತಿರುಗುವ ಮುಂಚೆ ನಂಜಯ್ಯನವರ ಹೆಂಡತಿ ದಾಕ್ಷಾಯಣಮ್ಮ ಬಂದು, ಎಲೆ ಅಡಿಕೆಯ ಮೇಲೆ ತೆಂಗಿನಕಾಯನ್ನೂ ಇಟ್ಟು, "ಅಸ್ರು ಪೆಟ್ಗೆ ಕಣವ್ವಾ" ಎಂದರು. ತಾಂಬೂಲ ಹಿಡಿದರೆ ಮಾತು ಕೊಟ್ಟ ಹಾಗೆಯೇ. ಮಾತು ಎರಡಾಯಿತು, ಓಟು ಒಂದೇ.

"ಏನ್ರೀ ಮಾಡೋದು?" ಎಂದು ನಮ್ಮ ಯಜಮಾನರನ್ನು ಕೇಳಿದೆ.

"ನಾನು ಸರ್ಕಾರಿ ನೌಕರ. ನನಗೆ ಅಭಿಪ್ರಾಯವೇ ಇಲ್ಲ."

"ಸಾರಿಗೆ ಉಪ್ಪು ಕಮ್ಮಿಯಾದಾಗ ಇರುತ್ತಲ್ಲ!"

"ಸಾರು ಮುನಿಸಿಪಾಲ್ಟಿಗೆ ಸೇರಲ್ಲ ಕಣೇ."

ಚುನಾವಣೆಯ ದಿನ ಆ ಮಹಾಪುರುಷರು ಕಚೇರಿ ಕೆಲಸವೆಂದು ಮೊದಲ ಬಸ್ಸಿಗೇ ಹೊಳೆನರಸೀಪುರಕ್ಕೆ ಪರಾರಿಯಾದರು.

ನಾನು ಮೈಸೂರಿನಲ್ಲಿ ಓದಿದವಳು, ಧೈರ್ಯ ತೋರಿಸಬೇಡವೇ? ಹಿಂದಿನ ದಿನವೇ ಬೀದಿ ಕೊಳಾಯಿಯ ಹತ್ತಿರ ಕೊಡ ಇಟ್ಟುಕೊಂಡು ಭಾಷಣ ಮಾಡಿದ್ದೆ. "ಓಟು ಗುಪ್ತ ಕಣ್ರೀ! ಪರದೆ ಹಿಂದೆ ಹಾಕೋದು. ಯಾರಿಗೆ ಹಾಕಿದ್ರಿ ಅಂತ ಶಿವನಿಗೂ ಗೊತ್ತಾಗಲ್ಲ!"

"ಶಿವನಿಗ್ ಗೊತ್ತಾಗ್ದಿದ್ರೂ ದಾಕ್ಷಾಯಣಮ್ಮನಿಗ್ ಗೊತ್ತಾಯ್ತದೆ" ಎಂದರು ಪಕ್ಕದ ಮನೆಯ ಶಿವಗಂಗಮ್ಮ. ಎಲ್ಲರೂ ನಕ್ಕರು. ಅವರ ಅಜ್ಞಾನಕ್ಕೆ ನಾನು ಮರುಗಿದೆ.

ಓಟಿನ ದಿನ ಮಧ್ಯಾಹ್ನ ಪುಟ್ಟಣ್ಣನನ್ನು ಕಂಕುಳಿಗೇರಿಸಿಕೊಂಡು ಓಟು ಹಾಕುವ ಶಾಲೆಗೆ ಹೋದೆ. ಹೆಂಗಸರ ಕೊಠಡಿಯಲ್ಲಿ ಅಧಿಕಾರಿ ಪೇಟವನ್ನು ಮೇಜಿನ ಮೇಲಿಟ್ಟು ತೂಕಡಿಸುತ್ತಿದ್ದರು. ನನ್ನನ್ನು ಕಂಡು ಹೌಹಾರಿ ಎದ್ದು ಪೇಟ ಧರಿಸಿದರು. ಎಲ್ಲರೂ ಬೆಳಿಗ್ಗೆಯೇ ಬಂದು ಹೋಗಿರಬೇಕೆಂದುಕೊಂಡೆ.

ಪರದೆಯ ಹಿಂದೆ ಕೆಂಪೊಂದು, ಹಸುರೊಂದು. ಕೈ ಕೆಂಪಿನ ಕಡೆಗೇ ಹೋಯಿತು. ಆದರೆ ಕಣ್ಣ ಮುಂದೆ ಆ ಕೊಣನೂರಿನ ಬಾಮೈದ ಟ್ರಂಕು ಹೊತ್ತು ನಿಂತಿದ್ದ. ಡಾಕ್ಟರು ಸೋತರೂ ಡಾಕ್ಟರೇ ಅಲ್ಲವೇ? ಅವರಿಗೆ ತಿಳಿಯುವುದಾದರೂ ಹೇಗೆ? ಕಣ್ಣು ಮುಚ್ಚಿ ಹಸುರಿಗೆ ಹಾಕಿಬಿಟ್ಟೆ. ಪುಟ್ಟಣ್ಣ ಖೊಕ್ ಎಂದು ಕೆಮ್ಮಿದ.

ಸಂಜೆ ಶಿವಗಂಗಮ್ಮ ಏದುಸಿರು ಬಿಡುತ್ತ ಬಂದರು.

"ಗಂಡಸರ ಪೆಟ್ಗೇಲಿ ಇಬ್ರಿಗೂ ಸಮಸಮ ಬಂತಂತೆ. ಆಮ್ಯಾಕೆ ಎಂಗಸರ ಪೆಟ್ಗೆ ಬಿಚ್ಚವ್ರೆ. ಅಸ್ರಲ್ಲಿ ಒಂದು. ಕೆಂಪಲ್ಲಿ ಬರೀ ಗಾಳಿ! ನಂಜಯ್ಯ ಒಂದೋಟಲ್ಲಿ ಗೆದ್ಬುಟ್ಟ ಕಣವ್ವ!"

"ಒಂದೇ? ಮತ್ತೆ ನೀವೆಲ್ಲ?"

"ಇಬ್ಬರ್ ತಾಂಬೂಲಾನೂ ತಕ್ಕಂಡಿರ್ಲಿಲ್ವಾ? ಒಬ್ಬರಿಗಾಕಿದ್ರೆ ಇನ್ನೊಬ್ಬರಿಗೆ ಮೋಸ. ಅದ್ಕೆ ಯಾರ್ಗೂ ಮೋಸ ಬ್ಯಾಡ ಅಂತ ಬೀದಿಯೋರೆಲ್ಲ ಮನೇಲೇ ಕುಂತ್ವಿ."

"ದಾಕ್ಷಾಯಣಮ್ಮ? ಸ್ವಂತ ಗಂಡನಿಗೆ?"

"ಅವಳೂ ಅನಸೂಯಮ್ಮನ ತಾಂಬೂಲ ತಕ್ಕಂಡಿದ್ಲು. ಬಾಗ್ಲಿಗ್ ಬಂದೋರ್ನ ಬ್ಯಾಡ ಅನ್ನಕ್ಕಾಯ್ತದಾ? ಅನಸೂಯಮ್ಮನ ಓಟು ಸಾಲಗಾಮೆ ರಸ್ತೆ ಕಡೆ, ಇಲ್ಲಿಲ್ಲ. ನೀನೊಬ್ಳು ಓದಿದೋಳು, ಓಗ್ಬುಟ್ಟೆ" ಎಂದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗುಪ್ತ ಅಂತಿದ್ದೆ?" ಎಂದರು.

ಮಾರನೆಯ ಬೆಳಿಗ್ಗೆ ವಾಲಗದ ಸಮೇತ ನಂಜಯ್ಯನವರ ಮೆರವಣಿಗೆ ನಮ್ಮ ಬಾಗಿಲಿಗೇ ಬಂತು. "ನಮ್ಮನೆಯೋಳೇ ಬರ್ಲಿಲ್ಲ, ನೀನ್ ಬಂದೆ ತಾಯಿ! ಬಾಮೈದ ಕೊಣನೂರಲ್ಲೇ ಬಿದ್ದಿರ್ಲಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ನಾನು ಕದದ ಹಿಂದೆ ನೆಲ ಬಿರಿಯಲೆಂದು ಕಾಯುತ್ತಿದ್ದೆ.

ಮೂರನೆಯ ದಿನ ಪುಟ್ಟಣ್ಣನ ಮೈ ಹೆಂಚಿನಂತೆ ಕಾದಿತ್ತು. ಎದೆಯಲ್ಲಿ ಗೊರಗೊರ ಸದ್ದು.

"ನೀವು ಹೋಗಿ ಡಾಕ್ಟರನ್ನ ಕರ್ಕೊಂಡು ಬನ್ನಿ" ಎಂದೆ ಯಜಮಾನರಿಗೆ.

"ನಾನು ಯಾವ ಮುಖ ಇಟ್ಕೊಂಡು ಹೋಗಲೇ?"

"ನನಗಿರೋದೂ ಓಟು ಹಾಕಿದ ಮುಖವೇ!"

ಅವರು ಜಾಗ ಬಿಟ್ಟು ಕದಲಲಿಲ್ಲ. ಮಗು ಉಸಿರಿಗೆ ತಡಕಾಡುವಂತೆ ಕಂಡಿತು. ಆ ಚಳಿಗಾಳಿಯಲ್ಲಿ ಸಾಲಗಾಮೆ ರಸ್ತೆಯವರೆಗೆ ಎತ್ತಿಕೊಂಡು ಹೋಗುವಂತಿರಲಿಲ್ಲ. ಬೀದಿಗೆಲ್ಲ ಟೆಲಿಫೋನು ಇದ್ದುದು ಒಂದೇ ಕಡೆ, ಮೂರು ಮನೆಯಾಚೆ, ನಂಜಯ್ಯನವರ ಮಿಲ್ಲಿನಲ್ಲಿ. ಮಗುವಿಗೆ ಶಾಲು ಸುತ್ತಿ ಓಡಿದೆ. ಅಲ್ಲಿ ಅಭಿನಂದಿಸಲು ಬಂದವರು ಹತ್ತು ಹನ್ನೆರಡು ಜನ ಕಾಫಿ ಕುಡಿಯುತ್ತಿದ್ದರು. ನಂಜಯ್ಯನವರೇ ಎಕ್ಸ್‌ಚೇಂಜಿನಲ್ಲಿ ಡಾಕ್ಟರ ನಂಬರು ಕೇಳಿ, ಫೋನು ನನ್ನ ಕೈಗಿಟ್ಟರು.

"ಹಲೋ, ಯಾರು?" ಡಾಕ್ಟರ ದನಿ.

ಏನೆಂದು ಹೇಳಲಿ?

"ಎಂಗಸರ ಪೆಟ್ಗೆ ಓಟು ಅಂತ ಏಳು ತಾಯಿ, ಗೊತ್ತಾಯ್ತದೆ!" ಎಂದು ನಂಜಯ್ಯನವರು ಪಕ್ಕದಿಂದ ಗುಡುಗಿದರು.

ಅಷ್ಟರಲ್ಲಿ ಪುಟ್ಟಣ್ಣ ಫೋನಿಗೇ ಬಾಯಿಟ್ಟು ಖೊಕ್ ಖೊಕ್ ಎಂದ.

"ಇದು ಪುಟ್ಟಣ್ಣನ ಕೆಮ್ಮಲ್ವೇನಮ್ಮ?"

"ಹೂಂ ಸಾರ್" ಎಂದೆ. ಅಳು ಉಕ್ಕಿ ಬಂತು. "ಬರ್ತೀರಾ?"

"ಬರದೆ ಏನಮ್ಮ" ಎಂದು ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಗುಪ್ತವಾಗಿ ಬರ್ಲೋ, ಬಹಿರಂಗವಾಗಿ ಬರ್ಲೋ?"

ಕಾಫಿ ಲೋಟಗಳೆಲ್ಲ ಗಾಳಿಯಲ್ಲೇ ನಿಂತವು. ನಂಜಯ್ಯನವರು ನನ್ನನ್ನೇ ನೋಡುತ್ತಿದ್ದರು.

"ಬಹಿರಂಗವಾಗೇ ಬನ್ನಿ ಸಾರ್!" ಎಂದು ಮಿಲ್ಲಿನ ಸದ್ದಿಗೂ ಮೇಲಾಗಿ ಕೂಗಿದೆ. "ವಾಲಗ ಊದಿಸ್ಕೊಂಡಾದ್ರೂ ಬನ್ನಿ, ಬೇಗ ಬನ್ನಿ!"