ಮಾವನ ಹೊಟ್ಟೆಗೆ ಕಿವಿಯಿದೆ

ನಮ್ಮ ಸೋದರಮಾವನ ಹೊಟ್ಟೆಗೆ ಕಿವಿಯಿದೆ ಎಂದರೆ ನೀವು ನಗುತ್ತೀರಿ. ನಗಿ! ರಾಜಾಜಿನಗರದ ಅವರ ಮನೆಯಲ್ಲಿ ಒಂದು ಊಟ ಮಾಡಿ ಬನ್ನಿ, ಆಮೇಲೆ ಮಾತಾಡೋಣ. ಗೇಟಿನ ಮುಂದೆ ಯಾರಾದರೂ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದರೆ ಸಾಕು, ಒಳಗೆ ಮಾವನ ಹೊಟ್ಟೆ ಗುಡುಗುತ್ತದೆ. ಅತ್ತೆ ಆ ಗುಡುಗು ಕೇಳಿಯೇ ಬಾಗಿಲು ತೆರೆಯುತ್ತಾರೆ. ಕಾಲಿಂಗ್ ಬೆಲ್ ಕೆಟ್ಟು ಎರಡು ವರ್ಷವಾದರೂ ಯಾರೂ ರಿಪೇರಿ ಮಾಡಿಸಿಲ್ಲ. ಯಾಕೆ ಬೇಕು ಹೇಳಿ?

ಅಂಥ ಹೊಟ್ಟೆಯ ಯಜಮಾನರದ್ದು ಒಂದೇ ಕಾನೂನು. ಉಣ್ಣುವವರ ಮುಂದೆ ಯಾರೂ ಯಾರನ್ನೂ ಬೈಯುವಂತಿಲ್ಲ. ಬೈದರೆ ಚಮಚದಿಂದ ಲೋಟಕ್ಕೆ ಟಣ್ ಎಂದು ಬಾರಿಸುತ್ತಾರೆ. ನಾನು ಪಿಯುಸಿ ಗಣಿತದಲ್ಲಿ ಫೇಲಾದ ದಿನ ಅಪ್ಪ ಆ ಮನೆಯಲ್ಲಿ ಬಾಯಿ ತೆರೆದದ್ದು ನಾಲ್ಕು ಸಲ, ಟಣ್ ಎಂದದ್ದೂ ನಾಲ್ಕು ಸಲ. ನಾನು ಹೊಟ್ಟೆ ಬಿರಿದರೂ ಅನ್ನ ಹಾಕಿಸಿಕೊಳ್ಳುತ್ತಲೇ ಇದ್ದೆ. ಊಟ ಮುಗಿದರೆ ತಾನೇ ಬೈಗುಳ!

ವಿಜಯನಗರದ ಒಂದು ಮದುವೆಯಲ್ಲಿ ಹುಡುಗಿಯ ತಂದೆ ಪಂಕ್ತಿಯ ಮಧ್ಯೆಯೇ ಬಡಿಸುವವನ ಮೇಲೆ ರೇಗಾಡುತ್ತಿದ್ದರು. ಮಾವ ಎಲೆ ಬಿಟ್ಟು ಎದ್ದರು. "ಸಾರ್, ಜನ ಊಟ ಮಾಡ್ತಾ ಇದಾರೆ. ಕೈ ತೊಳ್ಕೊಂಡು ಬರ್ತೀನಿ, ಇಬ್ರೂ ಸೇರಿ ಬೈಯೋಣ." ಮದುವೆಮನೆಯ ಯಜಮಾನರಿಗೆ ಹಾಗೆ ಹೇಳಲು ಎಂಥ ಗುಂಡಿಗೆ ಬೇಕು!

ನನ್ನ ಮನೆಯಲ್ಲಿ ಮಾತ್ರ ಈ ಕಾನೂನು ನಡೆಯುವುದಿಲ್ಲ. ಏಳು ವರ್ಷದ ಮಗಳು ನನ್ನ ಕೈಗೆ ಸಿಗುವುದೇ ಊಟದ ಹೊತ್ತಿಗೆ. ಆಗ ಬೈಯದೆ ಇನ್ಯಾವಾಗ ಬೈಯಲಿ? ಅವಳೋ, ತಟ್ಟೆಯ ಮುಂದೆ ಕೂತೊಡನೆ ಹೊಟ್ಟೆನೋವು ಎನ್ನುತ್ತಾಳೆ. ಬರೀ ನಾಟಕ ಎಂದುಕೊಂಡಿದ್ದೆ.

ಮಾವನಿಗೂ ಹೊಟ್ಟೆನೋವಿದೆ, ಅದು ಹಳೆಯದು. ಕಳೆದ ತಿಂಗಳು ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಸವೇಶ್ವರನಗರದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಎಳೆಯ ವಯಸ್ಸಿನ ಹೆಣ್ಣುಮಗಳು. ಎಲ್ಲ ಕೇಳಿ, "ಚಿಕ್ಕೋರಿದ್ದಾಗ ಮನೇಲಿ ಹೇಗಿತ್ತು ಅಂಕಲ್?" ಎಂದರು.

"ನೋಯ್ತಾ ಇರೋದು ಇವತ್ತು ಡಾಕ್ಟ್ರೇ. ಅರವತ್ತು ವರ್ಷದ ಹಿಂದಿಂದು ಯಾಕೆ?"

"ನಮ್ಮ ಕರುಳಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರ್ತವೆ ಅಂಕಲ್. ಅವು ಸಂಸಾರ ಹೂಡೋದೇ ಚಿಕ್ಕ ವಯಸ್ಸಲ್ಲಿ. ಆಗ ಮಗು ದಿನಾ ಹೆದರ್ಕೊಂಡಿದ್ರೆ ಅವುಗಳ ಹದ ತಪ್ಪಬಹುದು. ದೊಡ್ಡೋರಾದ್ಮೇಲೂ ಹೊಟ್ಟೆ ಅದನ್ನ ಮರೀದೇ ಇರಬಹುದು. ಎಲ್ಲಾ ಅದರಿಂದ್ಲೇ ಅಂತಲ್ಲ. ಔಷಧೀನೂ ಕೊಡ್ತೀನಿ."

ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅಂದ್ರೆ, ಹೆಪ್ಪು ಹಾಕಿದ ಪಾತ್ರೇನ ಅಲ್ಲಾಡಿಸ್ತಾನೇ ಇದ್ರೆ ಮೊಸರು ಗಟ್ಟಿಯಾಗಲ್ಲ ಅಂತೀರಿ."

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. "ಇನ್ಮೇಲೆ ಎಲ್ಲರಿಗೂ ಹೀಗೇ ಹೇಳ್ತೀನಿ ಅಂಕಲ್!"

ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಮಾವನ ದನಿ ಕೇಳಿತು. "ನಮ್ಮಪ್ಪ ವಿಚಾರಣೆನೆಲ್ಲಾ ಊಟದ ಹೊತ್ತಿಗೇ ಇಟ್ಕೋತಿದ್ದ ಕಣೋ. ಹೊರಗೆ ಸೈಕಲ್ ಸ್ಟ್ಯಾಂಡ್ ಸದ್ದು ಕೇಳಿದ್ರೆ, ಕೈಲಿದ್ದ ತುತ್ತು ಬಾಯಿಗೆ ಹೋಗ್ತಿರ್ಲಿಲ್ಲ."

ನನಗೆ ಪೆಪ್ಪರಮಿಂಟು ಕೊಡುತ್ತಿದ್ದ ತಾತ! ನಾನು ಸಿಗ್ನಲ್ ನೋಡುವುದನ್ನೇ ಮರೆತೆ. ಒಂದು ಸದ್ದನ್ನು ಆ ಹೊಟ್ಟೆ ಅರವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದೆ. ಅಷ್ಟು ನೋವುಂಡವರು ಅದನ್ನು ಯಾರಿಗೂ ದಾಟಿಸಲಿಲ್ಲ, ಕಂಡಲ್ಲೆಲ್ಲ ಲೋಟ ಬಾರಿಸಿ ನಮ್ಮಂಥವರ ತುತ್ತು ಕಾದರು. ಇಷ್ಟು ದಿನ ನಾನು ಅವರನ್ನು ನೋಡಿ ನಗುತ್ತಿದ್ದೆನಲ್ಲ!

ಇಷ್ಟು ತಿಳಿದ ಮೇಲೆ ನಾನು ಬದಲಾದೆನೇ? ಎಲ್ಲಿಯ ಮಾತು! ಮೊನ್ನೆ ಮಗಳ ಟೀಚರು ಫೋನ್ ಮಾಡಿ, ಡಿಕ್ಟೇಷನ್‌ನಲ್ಲಿ ಹತ್ತಕ್ಕೆ ಎರಡು ಎಂದರು. ಶಾಲೆ ಬಿಟ್ಟ ಮೇಲೆ ಅವಳಿರುವುದು ಮಾವನ ಮನೆಯಲ್ಲೇ. ಬುಸುಗುಡುತ್ತಾ ಹೋಗಿ ಗೇಟಿನ ಮುಂದೆ ಸ್ಟ್ಯಾಂಡ್ ಹಾಕಿದೆ. ತೆರೆದ ಕಿಟಕಿಯಲ್ಲಿ ಮಗಳು ಕಂಡಳು. ಬಾಯಿಯವರೆಗೆ ಹೋದ ತುತ್ತು ಅಲ್ಲೇ ನಿಂತಿತ್ತು.

ಪಕ್ಕದಲ್ಲಿ ಮಾವ ಚಮಚ ಎತ್ತಿದವರು ಬಾರಿಸಲಿಲ್ಲ. ನನ್ನನ್ನೇ ನೋಡಿದರು.

ಒಳಗೆ ಹೋಗಿ ಸುಮ್ಮನೆ ಅವಳ ಪಕ್ಕ ಕೂತೆ. ಮಾವ ನನಗೂ ಮೊಸರನ್ನ ಬಡಿಸಿದರು. ಮಗಳು ನಿಧಾನವಾಗಿ ತಟ್ಟೆ ಖಾಲಿ ಮಾಡಿ, ಕೈ ತೊಳೆದು ಬಂದು ನನ್ನೆದುರು ನೆಟ್ಟಗೆ ನಿಂತಳು.

"ಊಟ ಆಯ್ತಪ್ಪ. ಈಗ ಬೈತೀಯಾ?"

ಇಲ್ಲ ಚಿನ್ನಾ ಎಂದೆ. ಅವಳ ಒದ್ದೆ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡೆ.